ಬೀಜದೊಳಗಿನ ಬರಹ ಮತ್ತು ಪೇಟೆಂಟ್ ಅರ್ಜಿ: ರೈತರು ತಿಳಿದಿರಬೇಕಾದ ಸಂಗತಿಗಳು



ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಲ್ಲಿ ಹಗರೆ ಸಿಗುತ್ತದೆ. ಅಲ್ಲಿಂದ ಒಂದು ರಸ್ತೆ ಹಳೇಬೀಡಿನ ಕಡೆಗೆ ತಿರುಗುತ್ತದೆ. ನಿಮ್ಮ ಹೊಲ ಆ ರಸ್ತೆಯ ಪಕ್ಕದಲ್ಲೇ ಇದೆ ಎಂದಿಟ್ಟುಕೊಳ್ಳಿ. ಸುಗ್ಗಿಯ ಕಾಲ. ರಾಗಿ ಒಕ್ಕಿ, ತೂರಿ, ಕಣದಲ್ಲಿ ರಾಶಿ ಮಾಡಿದ್ದೀರಿ. ದೂರದ ಊರಿನಿಂದ ಬಂದ ಇಬ್ಬರು ರಾಶಿಯ ಪಕ್ಕದಲ್ಲಿ ನಿಂತು, "ಈ ರಾಗಿ ಎಲ್ಲಿಯದು? ಮಳೆ ಹಿಂದೆಗೆದರೂ ತಡೆಯುತ್ತದಂತಲ್ಲ?" ಎಂದು ಕೇಳುತ್ತಾರೆ. "ನಮ್ಮ ತಾತನ ಕಾಲದಿಂದ ಬಂದದ್ದು" ಎನ್ನುತ್ತೀರಿ. ಅವರು ಒಂದು ಬೊಗಸೆ ಬೀಜ ಕೇಳುತ್ತಾರೆ. ನೀವು ಕೊಡುತ್ತೀರಿ. ಬಿತ್ತನೆ ಬೀಜ ಕೇಳಿದವರಿಗೆ ಇಲ್ಲ ಎನ್ನುವುದು ನಮ್ಮ ಕಡೆಯ ಪದ್ಧತಿಯಲ್ಲ.

ಬೀಜ ಕೊಟ್ಟದ್ದು ತಪ್ಪಲ್ಲ. ಆದರೆ ಆ ಬೊಗಸೆ ರಾಗಿ ಮುಂದೆ ಎಲ್ಲಿಗೆ ಹೋಗುತ್ತದೆ? ಪ್ರಯೋಗಶಾಲೆಯಲ್ಲಿ ಅದನ್ನು ಹೇಗೆ ಓದುತ್ತಾರೆ? ಓದಿದ್ದರ ಮೇಲೆ ಯಾರಾದರೂ ಪೇಟೆಂಟ್ ಕೇಳಿದರೆ ಆ ಅರ್ಜಿಯಲ್ಲಿ ಏನೇನು ಬರೆಯಬೇಕು? ನಿಮ್ಮ ಊರಿನ ಹೆಸರು ಅದರಲ್ಲಿ ಬರುತ್ತದೆಯೇ? ಇವನ್ನು ಒಂದೊಂದಾಗಿ ನೋಡೋಣ. ವಿಷಯ ವಕೀಲರದು, ವಿಜ್ಞಾನಿಗಳದು ಎಂದು ಪುಟ ಮಗುಚಬೇಡಿ. ಬೀಜ ಇರುವುದು ನಿಮ್ಮ ಮನೆಯಲ್ಲಿ.

ಬೀಜದೊಳಗೆ ಬರೆದಿರುವುದೇನು?

ಪ್ರತಿಯೊಂದು ಜೀವಕೋಶದ ಒಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಆ ಎಳೆಯ ಮೇಲೆ ನಾಲ್ಕೇ ನಾಲ್ಕು ಬಗೆಯ ಕೊಂಡಿಗಳು ಸಾಲಾಗಿ ಜೋಡಣೆಯಾಗಿರುತ್ತವೆ. ವಿಜ್ಞಾನಿಗಳು ಅವನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ಈ ಅಕ್ಷರಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದೇ "ಅನುಕ್ರಮ". ಎಳೆಯ ಒಂದೊಂದು ಭಾಗ ಒಂದೊಂದು ವಂಶವಾಹಿ. ವಂಶವಾಹಿಯ ಆಜ್ಞೆಯಂತೆ ಜೀವಕೋಶವು ಪ್ರೋಟೀನನ್ನು, ಅಂದರೆ ಸಸಾರಜನಕವನ್ನು, ತಯಾರಿಸುತ್ತದೆ. ಪ್ರೋಟೀನು ಕೂಡ ಮಣಿಸರದಂತೆ. ಅದರಲ್ಲಿ ಇಪ್ಪತ್ತು ಬಗೆಯ ಮಣಿಗಳಿದ್ದು, ಅವುಗಳನ್ನು ಅಮೈನೋ ಆಮ್ಲಗಳು ಎನ್ನುತ್ತಾರೆ. ಡಿಎನ್‌ಎಯ ಮೂರು ಮೂರು ಅಕ್ಷರಗಳು ಒಂದೊಂದು ಮಣಿಯನ್ನು ಗೊತ್ತುಮಾಡುತ್ತವೆ.

ನಮ್ಮ ರಾಗಿಯ ಒಳಬರಹವನ್ನು ಓದಿ ಆಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ನೇತೃತ್ವದ ತಂಡವು ಬರ ತಡೆಯುವ ಎಂಎಲ್-365 ತಳಿಯ ಅನುಕ್ರಮವನ್ನು 2017ರಲ್ಲಿ ಪ್ರಕಟಿಸಿತು. ಸುಮಾರು 120 ಕೋಟಿ ಅಕ್ಷರಗಳನ್ನು ಅವರು ಜೋಡಿಸಿದರು. ಅದು ರಾಗಿಯ ಒಟ್ಟು ಬರಹದ ಸುಮಾರು ಶೇ. 82 ಭಾಗ.

ಇದಕ್ಕೂ ಬಹಳ ಹಿಂದೆ ರಾಗಿಯ ಒಂದು ಪ್ರೋಟೀನು ಹೆಸರು ಮಾಡಿತ್ತು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಶಿವರಾಜ್ ಮತ್ತು ಪಟ್ಟಾಭಿರಾಮನ್ ಎಂಬ ವಿಜ್ಞಾನಿಗಳು ರಾಗಿ ಕಾಳಿನಿಂದ ಅದನ್ನು ಬೇರ್ಪಡಿಸಿ, ಅದರ ಗುಣಗಳನ್ನು 1981ರಲ್ಲಿ ವಿವರಿಸಿದರು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಮತ್ತು ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಎರಡು ಕಿಣ್ವಗಳನ್ನೂ ಅದು ತಡೆದು ನಿಲ್ಲಿಸುತ್ತದೆ. 1983ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಂಪೋಸ್ ಮತ್ತು ರಿಚರ್ಡ್‌ಸನ್ ಎಂಬುವರು ಅದರ 122 ಮಣಿಗಳ ಪೂರ್ಣ ಕ್ರಮವನ್ನು ಪ್ರಕಟಿಸಿದರು. ಹಗೇವಿನಲ್ಲಿಟ್ಟ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ ಎಂಬುದನ್ನು ನೀವು ಬಲ್ಲಿರಿ. ಅದಕ್ಕೆ ಈ ಪ್ರೋಟೀನೊಂದೇ ಕಾರಣವೆಂದು ಹೇಳುವಂತಿಲ್ಲ. ಆದರೆ ಕಾಳಿನಲ್ಲಿ ಇಂಥ ಬೆಲೆಬಾಳುವ ಬರಹಗಳಿವೆ ಎಂಬುದಕ್ಕೆ ಇದೊಂದು ನಿದರ್ಶನ.

ಮೇಲಿನ ಎರಡೂ ಉದಾಹರಣೆಗಳಲ್ಲಿ ಬರಹವನ್ನು ಬಹಿರಂಗವಾಗಿ ಪ್ರಕಟಿಸಲಾಗಿದೆ ಎಂಬುದನ್ನು ಗಮನಿಸಿ. ಒಮ್ಮೆ ಎಲ್ಲರ ಮುಂದೆ ಬಂದದ್ದನ್ನು ಬೇರೊಬ್ಬರು "ನಾನು ಹೊಸದಾಗಿ ಕಂಡುಹಿಡಿದೆ" ಎಂದು ಹೇಳಿಕೊಳ್ಳಲು ಬರುವುದಿಲ್ಲ.

ಪೇಟೆಂಟ್ ಎಂದರೇನು?

ಹೊಸದೊಂದು ಆವಿಷ್ಕಾರ ಮಾಡಿದವನಿಗೆ ಸರ್ಕಾರ ಕೊಡುವ ಏಕಸ್ವಾಮ್ಯದ ಹಕ್ಕೇ ಪೇಟೆಂಟ್. ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅವನ ಒಪ್ಪಿಗೆಯಿಲ್ಲದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಈ ಹಕ್ಕು ಪುಕ್ಕಟೆಯಲ್ಲ. ಅರ್ಜಿದಾರ ತನ್ನ ಆವಿಷ್ಕಾರವನ್ನು ಬಲ್ಲವರು ಓದಿ ಮತ್ತೆ ಮಾಡಿ ನೋಡುವಷ್ಟು ವಿವರವಾಗಿ ಬರೆದುಕೊಡಬೇಕು. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರದು. ಮುಚ್ಚಿಟ್ಟುಕೊಂಡವನಿಗೆ ಪೇಟೆಂಟ್ ಇಲ್ಲ.

ನೇಗಿಲು, ಪಂಪು ಮುಂತಾದವುಗಳಿಗೆ ನಕ್ಷೆ ಬರೆದುಕೊಟ್ಟರೆ ಸಾಕು. ವಂಶವಾಹಿಗೆ ನಕ್ಷೆಯಿಲ್ಲ, ಅಕ್ಷರಗಳ ಸಾಲೇ ಅದರ ನಕ್ಷೆ. ಆದ್ದರಿಂದ ಡಿಎನ್‌ಎ ಅಥವಾ ಪ್ರೋಟೀನನ್ನು ಕುರಿತ ಅರ್ಜಿಯ ಜೊತೆಗೆ "ಅನುಕ್ರಮ ಪಟ್ಟಿ" ಎಂಬುದನ್ನು ಸಲ್ಲಿಸಬೇಕು. ಇದನ್ನು ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ. 2022ರ ಜುಲೈ 1ರಿಂದ ಜಗತ್ತಿನ ಪೇಟೆಂಟ್ ಕಚೇರಿಗಳು ಎಸ್‌ಟಿ-26 ಎಂಬ ಒಂದೇ ನಮೂನೆಯನ್ನು ಅನುಸರಿಸುತ್ತಿವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳು ಖಚಿತವಾಗಿ ಗೊತ್ತಿರುವ ಡಿಎನ್‌ಎ ತುಣುಕನ್ನೂ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಣಿಗಳು ಗೊತ್ತಿರುವ ಪ್ರೋಟೀನು ತುಣುಕನ್ನೂ ಈ ಪಟ್ಟಿಯಲ್ಲಿ ಸೇರಿಸಬೇಕು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರಬೇಕು. ಕಂಪ್ಯೂಟರು ಓದುವ ರೂಪದಲ್ಲಿರುವುದರಿಂದ ಪರೀಕ್ಷಕರು ಅದನ್ನು ಹಳೆಯ ಪಟ್ಟಿಗಳ ಜೊತೆ ಹೋಲಿಸಿ, ನಿಜಕ್ಕೂ ಹೊಸದೇ ಎಂದು ತಾಳೆ ನೋಡಬಹುದು.

ಪಟ್ಟಿಯ ಇನ್ನೊಂದು ಉಪಯೋಗ ಹೊಲದ ಬೇಲಿಯಂಥದು. ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಎಂದು ಅದರಿಂದ ಗೊತ್ತಾಗುತ್ತದೆ. ಕೆಲವು ಅರ್ಜಿಗಳಲ್ಲಿ "ಈ ಅನುಕ್ರಮಕ್ಕೆ ಶೇ. 90ರಷ್ಟು ಹೋಲುವವೆಲ್ಲ ನನ್ನವು" ಎಂದು ಕೇಳಿರುತ್ತಾರೆ. ಸಾವಿರ ಅಕ್ಷರಗಳ ವಂಶವಾಹಿಯಾದರೆ ನೂರು ಅಕ್ಷರ ಬೇರೆಯಾಗಿದ್ದರೂ ಅದು ಅವರ ಬೇಲಿಯೊಳಗೇ ಬಿದ್ದಂತೆ. ಬೇಲಿ ಪಕ್ಕದವನ ಹೊಲಕ್ಕೆ ಸರಿದಿದೆಯೇ ಎಂದು ನೋಡಬೇಕಾದರೆ ಅಕ್ಷರಗಳು ಬಹಿರಂಗವಾಗಿರಲೇಬೇಕು.

ಅಕ್ಷರಗಳಿಗೆ ರೂಪಾಯಿಯ ಬೆಲೆ: ಬಿಟಿ ಹತ್ತಿ

ಈ ಅಕ್ಷರಗಳಿಗೂ ರೈತನ ಜೇಬಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಾವೇರಿ, ರಾಯಚೂರು ಕಡೆಯ ಹತ್ತಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಕಾಯಿಕೊರಕ ಹುಳುವನ್ನು ತಡೆಯಲೆಂದು ಹತ್ತಿಗೆ ಸೇರಿಸಿದ ವಂಶವಾಹಿಗಳು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದವು. ಅವುಗಳಲ್ಲಿ ಒಂದಾದ ಕ್ರೈ2ಎಬಿಗೆ ಸಂಬಂಧಿಸಿ, ಪ್ರಯೋಗಶಾಲೆಯಲ್ಲಿ ಜೋಡಿಸಿದ ಅನುಕ್ರಮವೂ ಸೇರಿದಂತೆ, ಮಾನ್ಸಾಂಟೊ ಕಂಪೆನಿಯು 1999ರ ನವೆಂಬರಿನಲ್ಲಿ ಭಾರತದಲ್ಲಿ ಅರ್ಜಿ ಹಾಕಿತು. 2008ರಲ್ಲಿ 214436ನೇ ಸಂಖ್ಯೆಯ ಪೇಟೆಂಟ್ ದೊರೆಯಿತು.

ಬೀಜ ಕಂಪೆನಿಗಳು ಈ ಗುಣಕ್ಕಾಗಿ ಶುಲ್ಕ ತೆರುತ್ತಿದ್ದವು. ಆ ಶುಲ್ಕ ಕೊನೆಗೆ ಬೀಜದ ಪೊಟ್ಟಣದ ಬೆಲೆಯಲ್ಲಿ ಸೇರಿ ರೈತನ ಮೇಲೆ ಬೀಳುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ 450 ಗ್ರಾಂ ಪೊಟ್ಟಣಕ್ಕೆ ಈ ಶುಲ್ಕವನ್ನು 49 ರೂಪಾಯಿಗೆ ಮಿತಿಗೊಳಿಸಿತು. ಶುಲ್ಕದ ವಿಷಯದಲ್ಲಿ ನುಜಿವೀಡು ಸೀಡ್ಸ್ ಕಂಪೆನಿಗೂ ಮಾನ್ಸಾಂಟೊಗೂ ಜಗಳ ಹತ್ತಿ, ಮೊಕದ್ದಮೆ ದೆಹಲಿ ಉಚ್ಚ ನ್ಯಾಯಾಲಯ ಮುಟ್ಟಿತು. 2018ರ ಏಪ್ರಿಲಿನಲ್ಲಿ ಅಲ್ಲಿನ ವಿಭಾಗೀಯ ಪೀಠ ಪೇಟೆಂಟನ್ನು ರದ್ದುಮಾಡಿತು. 2019ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿ, ತಜ್ಞರ ಸಾಕ್ಷ್ಯ ಪಡೆದು ವಿಚಾರಣೆ ನಡೆಸಬೇಕೆಂದು ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಪೇಟೆಂಟಿನ ಅವಧಿಯೇ ಮುಗಿಯಿತು. 2021ರಲ್ಲಿ ಎರಡೂ ಕಡೆಯವರು ರಾಜಿಯಾದರು.

ವಿವಾದದ ಮೂಲವಿದ್ದುದು ನಮ್ಮ ಪೇಟೆಂಟ್ ಕಾಯಿದೆಯ 3(ಜೆ) ಕಲಮಿನಲ್ಲಿ. ಗಿಡ, ಪ್ರಾಣಿ, ಬೀಜ, ತಳಿ ಮತ್ತು ಅವುಗಳ ಭಾಗಗಳಿಗೆ ಪೇಟೆಂಟ್ ಇಲ್ಲ ಎಂದು ಆ ಕಲಮು ಹೇಳುತ್ತದೆ. ಸೂಕ್ಷ್ಮಜೀವಿಗಳಿಗೆ ಮಾತ್ರ ಈ ನಿಷೇಧವಿಲ್ಲ. ಹಾಗಿದ್ದರೆ, ಮನುಷ್ಯ ಜೋಡಿಸಿದ ಅನುಕ್ರಮವು ಬೀಜದೊಳಗೆ ಸೇರಿ ಗಿಡದ ಭಾಗವೇ ಆದ ಮೇಲೂ ಪೇಟೆಂಟಿಗೆ ಒಳಪಟ್ಟಿರುತ್ತದೆಯೇ? ಆ ಮೊಕದ್ದಮೆಯಲ್ಲಿ ಇದಕ್ಕೆ ಕೊನೆಯ ಉತ್ತರ ಸಿಗಲಿಲ್ಲ.

ಎರಡನೆಯ ಬರಹ: ಎಲ್ಲಿಂದ ತಂದಿರಿ?

ಅನುಕ್ರಮ ಪಟ್ಟಿಯಲ್ಲಿ ಅಕ್ಷರಗಳ ಜೊತೆಗೆ ಜೀವಿಯ ಹೆಸರನ್ನು ಕಡ್ಡಾಯವಾಗಿ ಬರೆಯಬೇಕು. ರಾಗಿಯಾದರೆ "ಎಲೂಸಿನ್ ಕೊರಕಾನ" ಎಂಬ ಶಾಸ್ತ್ರೀಯ ಹೆಸರು ಬರುತ್ತದೆ. ಆದರೆ ಅದು ಯಾವ ದೇಶದ, ಯಾವ ಊರಿನ ರಾಗಿ ಎಂಬುದನ್ನು ಈ ಪಟ್ಟಿಯಲ್ಲಿ ಕಡ್ಡಾಯ ಮಾಡಿಲ್ಲ. ಅಂದರೆ 120 ಕೋಟಿ ಅಕ್ಷರ ಬರೆದರೂ ಹಗರೆ ಎಂಬ ಮೂರಕ್ಷರ ಅದರಲ್ಲಿ ಇಲ್ಲದೇ ಹೋಗಬಹುದು.

ಈ ಕೊರತೆಯನ್ನು ತುಂಬುವ ನಿಯಮ ಭಾರತದ ಕಾನೂನಿನಲ್ಲಿದೆ. ಪೇಟೆಂಟ್ ಕಾಯಿದೆಯ 10(4)ನೇ ಕಲಮಿನ ಪ್ರಕಾರ, ಆವಿಷ್ಕಾರದಲ್ಲಿ ಜೈವಿಕ ವಸ್ತುವನ್ನು ಬಳಸಿದ್ದರೆ ಅದರ ಮೂಲವನ್ನೂ ಅದು ದೊರೆತ ಭೌಗೋಳಿಕ ನೆಲೆಯನ್ನೂ ಅರ್ಜಿಯ ವಿವರಣೆಯಲ್ಲಿ ತಿಳಿಸಬೇಕು. 2002ರ ತಿದ್ದುಪಡಿಯಿಂದ ಸೇರಿದ ಈ ನಿಯಮ 2003ರಿಂದ ಜಾರಿಯಲ್ಲಿದೆ. ಮೂಲವನ್ನು ಹೇಳದಿದ್ದರೆ ಅಥವಾ ತಪ್ಪಾಗಿ ಹೇಳಿದ್ದರೆ, 25ನೇ ಕಲಮಿನಂತೆ ಅರ್ಜಿಗೆ ವಿರೋಧ ಸಲ್ಲಿಸಬಹುದು. ಪೇಟೆಂಟ್ ಮಂಜೂರಾದ ಮೇಲೂ 64ನೇ ಕಲಮಿನಂತೆ ಅದೇ ಕಾರಣಕ್ಕೆ ರದ್ದತಿ ಕೇಳಬಹುದು. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲೇ ಉಳಿದು ಬಂದ ತಿಳಿವಳಿಕೆಯನ್ನು ಕೂಡ ವಿರೋಧಕ್ಕೆ ಆಧಾರವಾಗಿ ಮುಂದಿಡಬಹುದು.

ಇದರ ಜೊತೆಗೆ 2002ರ ಜೀವವೈವಿಧ್ಯ ಕಾಯಿದೆಯೂ ಇದೆ. ಭಾರತದ ಜೈವಿಕ ಸಂಪತ್ತನ್ನು ಆಧರಿಸಿ ಪೇಟೆಂಟ್ ಪಡೆಯುವವರು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮುಂದೆ ಹೋಗಲೇಬೇಕು. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ವಿದೇಶಿಯರು ಪೇಟೆಂಟ್ ಮಂಜೂರಾಗುವ ಮೊದಲು ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ದೇಶೀಯರು ಮಂಜೂರಾತಿಗೆ ಮೊದಲು ನೋಂದಾಯಿಸಿಕೊಂಡು, ವ್ಯಾಪಾರಕ್ಕೆ ಇಳಿಸುವಾಗ ಒಪ್ಪಿಗೆ ಪಡೆಯಬೇಕು. ಬಂದ ಲಾಭದಲ್ಲಿ ಪಾಲು ಕೊಡುವ ಷರತ್ತನ್ನು ಪ್ರಾಧಿಕಾರ ವಿಧಿಸಬಹುದು. ಬೆಳೆ ಬೆಳೆಯುವ ರೈತನಿಗೆ ತನ್ನ ಬೇಸಾಯಕ್ಕೆ ಇಂಥ ಯಾವ ಅಪ್ಪಣೆಯೂ ಬೇಕಿಲ್ಲ.

ಕಾನೂನು ಹೀಗೆ ರೈತನ ಪರವಾಗಿ ಪ್ರಶ್ನೆ ಕೇಳುತ್ತದೆ. ಆದರೆ ಅರ್ಜಿದಾರ "ಬೀಜ ಪೇಟೆಯಲ್ಲಿ ಕೊಂಡದ್ದು" ಎಂದು ಉತ್ತರ ಬರೆದರೆ, ಅದು ಸುಳ್ಳೆಂದು ಹೇಳಲು ನಿಮ್ಮಲ್ಲಿ ಏನಿದೆ? ಎಲ್ಲವೂ ನಿಂತಿರುವುದು ಇಲ್ಲಿ.

ಮಟ್ಟು ಗುಳ್ಳದ ಪಾಠ

ಕರ್ನಾಟಕದಲ್ಲೇ ನಡೆದ ಒಂದು ಪ್ರಕರಣವನ್ನು ನೋಡಿ. ಬಿಟಿ ಬದನೆಯನ್ನು ಸಿದ್ಧಪಡಿಸುವಾಗ ನಮ್ಮ ನಾಡಿನ ಹಲವು ಸ್ಥಳೀಯ ಬದನೆಗಳನ್ನು ಬಳಸಲಾಗಿತ್ತು. ಕುಡಚಿ, ಉಡುಪಿ ಮುಂತಾದ ಊರುಗಳ ಹೆಸರು ಹೊತ್ತ ತಳಿಗಳು ಅದರಲ್ಲಿದ್ದವು. 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಯ ಬೇಸಾಯಕ್ಕೆ ತಡೆ ಹಾಕಿತು. ಅದೇ ತಿಂಗಳಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಬೇರೊಂದು ಪ್ರಶ್ನೆ ಎತ್ತಿತು. ಈ ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಬಳಸಲಾಗಿದೆ ಎಂದು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಬೀಜ ಕಂಪೆನಿಯ ಜೊತೆಗೆ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಹೆಸರೂ ದೂರಿನಲ್ಲಿತ್ತು. ವಿಷಯ ಪ್ರಾಧಿಕಾರಕ್ಕೆ ಹೋಗಿ, ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಇದು ಪೇಟೆಂಟ್ ಅರ್ಜಿಯ ವ್ಯಾಜ್ಯವಲ್ಲ, ಬೀಜ ಪಡೆದ ರೀತಿಯ ವ್ಯಾಜ್ಯ. ಆದರೂ ಇದರಲ್ಲಿ ಪಾಠವಿದೆ. ತಳಿಗಳಿಗೆ ಊರಿನ ಹೆಸರು ಅಂಟಿಕೊಂಡಿದ್ದರಿಂದಲೇ ಅವು ಎಲ್ಲಿಯವು ಎಂದು ಹೊರಗಿನವರು ಕೇಳುವುದು ಸಾಧ್ಯವಾಯಿತು. ಉಡುಪಿಯ ಬಳಿಯ ಮಟ್ಟು ಗ್ರಾಮದವರನ್ನೇ ನೋಡಿ. ತಮ್ಮ ಗುಳ್ಳ ಬದನೆಯ ಬೀಜವನ್ನು ಕೊಟ್ಟವರು ವಾದಿರಾಜ ಸ್ವಾಮಿಗಳು ಎಂಬ ನಂಬಿಕೆಯನ್ನು ಅವರು ಶತಮಾನಗಳಿಂದ ಉಳಿಸಿಕೊಂಡು ಬಂದಿದ್ದಾರೆ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ನೋಂದಣಿಯೂ ದೊರೆಯಿತು. ಹೆಸರು, ಊರು, ಬಂದ ದಾರಿ ಈ ಮೂರೂ ದಾಖಲೆಯಾಗಿರುವ ತಳಿಯನ್ನು ಹೆಸರಿಲ್ಲದ ವಸ್ತು ಎಂದು ಯಾರೂ ಹೇಳಲಾರರು.

ನಾವೂ ಪಡೆದವರೇ

ಹಾಗೆಂದು ಎಲ್ಲ ಬೀಜವೂ ನಮ್ಮದೇ ಎಂದು ಬೀಗಬೇಕಾಗಿಲ್ಲ. ಹಾಸನ ಜಿಲ್ಲೆಯ ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಬೇಲೂರಿನ ಕಾಫಿ ಕಡಲಾಚೆಯಿಂದ ಬಂದದ್ದು. ನಮ್ಮ ರಾಗಿಯ ಪೂರ್ವಜರೂ ಪೂರ್ವ ಆಫ್ರಿಕದ ಎತ್ತರದ ನೆಲದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಹೊಸ ತಳಿಗಳನ್ನು ಕೊಟ್ಟರು. ಆ ತಳಿಗಳಿಗೆ ಅವರಿಟ್ಟ ಹೆಸರೇ "ಇಂಡಾಫ್". ಇಂಡಿಯಾದ "ಇಂಡ್", ಆಫ್ರಿಕದ "ಆಫ್" ಸೇರಿ ಆದ ಹೆಸರು. ಮೂಲವನ್ನು ಮುಚ್ಚಿಡದೆ ತಳಿಯ ಹೆಸರಿನಲ್ಲೇ ಬರೆದಿಟ್ಟ ಕ್ರಮ ಇದು.

ಬೀಜದ ಕೊಡುಕೊಳೆ ನಿಂತರೆ ಬೇಸಾಯವೇ ನಿಲ್ಲುತ್ತದೆ. ಆದ್ದರಿಂದ ಬೀಜ ಕೊಡಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬಂತೆ ಆಗಬಾರದು ಎಂದಷ್ಟೇ ಹೇಳುತ್ತಿದೆ.

ತಳಿಯ ನೋಂದಣಿ ಬೇರೆ, ಪೇಟೆಂಟ್ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಗಿಡದ ತಳಿಗೆ ಪೇಟೆಂಟ್ ಇಲ್ಲದಿದ್ದರೂ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಡಿ ನೋಂದಣಿ ಇದೆ. ಅಲ್ಲಿಯೂ ಅರ್ಜಿದಾರ ತನ್ನ ತಳಿಯ ತಾಯಿತಂದೆ ಸಾಲುಗಳು ಯಾವುವು, ಅವನ್ನು ಭಾರತದ ಯಾವ ಸ್ಥಳದಿಂದ ತಂದದ್ದು, ಅದರಲ್ಲಿ ಯಾವ ರೈತರ ಅಥವಾ ಗ್ರಾಮದ ಪಾತ್ರವಿದೆ ಎಂಬುದನ್ನು ತಿಳಿಸಬೇಕು. ಗ್ರಾಮಸ್ಥರು ಲಾಭದ ಪಾಲನ್ನು ಕೇಳಲು ಈ ಕಾಯಿದೆಯಲ್ಲಿ ಅವಕಾಶವಿದೆ.

ಆಲೂಗೆಡ್ಡೆ ಬೆಳೆಯುವವರು ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಪೆಪ್ಸಿಕೋ ಕಂಪೆನಿಯು ಚಿಪ್ಸ್ ತಯಾರಿಕೆಯ ತನ್ನ ಎಫ್‌ಎಲ್ 2027 ಎಂಬ ಆಲೂಗೆಡ್ಡೆ ತಳಿಯನ್ನು 2016ರಲ್ಲಿ ನೋಂದಾಯಿಸಿತು. 2019ರಲ್ಲಿ ಗುಜರಾತಿನ ಕೆಲವು ರೈತರು ಅದನ್ನು ಅನುಮತಿಯಿಲ್ಲದೆ ಬೆಳೆದರೆಂದು ಮೊಕದ್ದಮೆ ಹೂಡಿ, ಕೆಲವರಿಂದ ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿತು. ದೇಶದಾದ್ಯಂತ ಪ್ರತಿಭಟನೆಯಾದ ಮೇಲೆ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. ಆ ನೋಂದಣಿಯನ್ನು 2021ರ ಡಿಸೆಂಬರಿನಲ್ಲಿ ಪ್ರಾಧಿಕಾರ ರದ್ದುಮಾಡಿತು. ಅರ್ಜಿಯಲ್ಲಿ ಕೊಟ್ಟ ಮಾಹಿತಿ ಸರಿಯಿರಲಿಲ್ಲ ಎಂಬುದು ಕಾರಣಗಳಲ್ಲಿ ಒಂದು. ಆದರೆ 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಕಂಪೆನಿಯ ಪರವಾಗಿ ತೀರ್ಪು ಕೊಟ್ಟಿತು.

ಏನೇ ಆದರೂ ಈ ಕಾಯಿದೆಯ 39ನೇ ಕಲಮನ್ನು ನೆನಪಿನಲ್ಲಿಡಿ. ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಮರುಬಿತ್ತನೆ ಮಾಡಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ನೋಂದಾಯಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರಿನ ಚೀಟಿ ಹಚ್ಚಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.

ಬೀಜವಿಲ್ಲದೆ ಬೀಜದ ಬರಹ

ಈಗ ಹೊಸದೊಂದು ತೊಡಕು ಬಂದಿದೆ. ಮೊದಲಾದರೆ ಬೀಜ ಬೇಕಾದವನು ನಿಮ್ಮ ಕಣಕ್ಕೆ ಬರಲೇಬೇಕಿತ್ತು. ಇಂದು ಅನುಕ್ರಮವು ಜಗತ್ತಿನ ಕಂಪ್ಯೂಟರ್ ಭಂಡಾರಗಳಲ್ಲಿ ಎಲ್ಲರಿಗೂ ಸಿಗುತ್ತದೆ. ಒಂದು ಕಾಳನ್ನೂ ಮುಟ್ಟದೆ ಅಕ್ಷರಗಳನ್ನು ಇಳಿಸಿಕೊಂಡು, ಬೇಕಾದ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲೇ ಕಟ್ಟಿಕೊಳ್ಳಬಹುದು. ಬರಹ ಬಹಿರಂಗವಾಗಿದ್ದರೆ ಬೇರೆಯವರು ಅದನ್ನೇ ಹೊಸದೆಂದು ಹೇಳಿಕೊಳ್ಳುವುದು ತಪ್ಪುತ್ತದೆ ಎಂದು ಮೇಲೆ ಹೇಳಿದೆವು. ಆದರೆ ಅದೇ ಬರಹದಿಂದ ಬೇರೊಂದನ್ನು ಕಟ್ಟಿ ಲಾಭ ಮಾಡಿದವನು ಬೀಜ ಕಾಪಾಡಿದ ಊರನ್ನು ಮರೆಯುವುದೂ ಅಷ್ಟೇ ಸುಲಭವಾಗಿದೆ.

ಇದನ್ನು ಸರಿಪಡಿಸಲು ದೇಶದೇಶಗಳು ಮಾತುಕತೆ ನಡೆಸಿವೆ. 2024ರ ಮೇ 24ರಂದು ಜಿನೀವಾದಲ್ಲಿ ಒಂದು ಒಪ್ಪಂದ ಅಂಗೀಕಾರವಾಯಿತು. 15 ದೇಶಗಳು ಸೇರಿದ ಮೇಲೆ ಅದು ಜಾರಿಗೆ ಬರಬೇಕು. ಅದರಂತೆ ಜೈವಿಕ ಸಂಪನ್ಮೂಲವನ್ನು ಆಧರಿಸಿದ ಪೇಟೆಂಟ್ ಅರ್ಜಿಯಲ್ಲಿ ಮೂಲ ದೇಶವನ್ನು ತಿಳಿಸಬೇಕು. ಭಾರತ 2003ರಿಂದ ಕೇಳುತ್ತಿರುವ ಪ್ರಶ್ನೆಯನ್ನು ಬೇರೆ ದೇಶಗಳೂ ಕೇಳುವಂತಾಗುವುದು ಇದರ ಉದ್ದೇಶ. ಕಂಪ್ಯೂಟರಿನಲ್ಲಿರುವ ಅನುಕ್ರಮವನ್ನು ಬಳಸಿ ಲಾಭ ಮಾಡುವ ಉದ್ಯಮಗಳು ಒಂದು ಪಾಲನ್ನು ಹಾಕಲೆಂದು "ಕಾಲಿ ನಿಧಿ" ಎಂಬುದನ್ನು 2025ರ ಫೆಬ್ರವರಿಯಲ್ಲಿ ಆರಂಭಿಸಲಾಗಿದೆ. ಕೊಲಂಬಿಯಾದ ಕಾಲಿ ನಗರದ ಸಮ್ಮೇಳನದಲ್ಲಿ ತೀರ್ಮಾನವಾದ್ದರಿಂದ ಆ ಹೆಸರು. ಸದ್ಯಕ್ಕೆ ಹಣ ಹಾಕುವುದು ಕಂಪೆನಿಗಳ ಇಚ್ಛೆಗೆ ಬಿಟ್ಟದ್ದು. ದೂರದ ನಿಧಿಯನ್ನು ನಂಬಿ ಕೂರುವುದಕ್ಕಿಂತ ಊರಿನ ದಾಖಲೆಯನ್ನು ಮೊದಲು ಸರಿಮಾಡಿಕೊಳ್ಳುವುದು ಮೇಲು.

ನೀವು ಮಾಡಬೇಕಾದುದೇನು?

1. ಮನೆಯ ತಳಿಗಳ ಪಟ್ಟಿ ಮಾಡಿ. ಕರಿಗಿಡ್ಡ, ಹಸಿರುಕಡ್ಡಿ, ರುದ್ರಜಡೆ, ಹುಲ್ಲುಬಿಳಿ ಮುಂತಾದ ಹಳೆಯ ರಾಗಿಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಹೆಸರು, ಗುಣ, ಯಾರಿಂದ ಬಂದದ್ದು, ಎಷ್ಟು ಕಾಲದಿಂದ ಬೆಳೆಯುತ್ತಿರುವುದು ಎಂದು ಬರೆದಿಡಿ. ಅವರೆ, ಮೆಣಸಿನಕಾಯಿ, ಬದನೆ, ಭತ್ತಗಳಿಗೂ ಹೀಗೆಯೇ ಮಾಡಿ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.

2. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಇರಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆ ಪುಸ್ತಕದಲ್ಲಿ ನಿಮ್ಮ ತಳಿ ಸೇರಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಲಿಖಿತ ಮನವಿ ಕೊಟ್ಟು ಸೇರಿಸಿ. ಪುಸ್ತಕ ಬೀರುವಿನಲ್ಲೇ ಉಳಿಯದಂತೆ ಗ್ರಾಮಸಭೆಯಲ್ಲಿ ಓದಿಸಿ.

3. ನಿಮ್ಮ ತಳಿ ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ಭಿನ್ನವಾಗಿದ್ದರೆ "ರೈತರ ತಳಿ" ಎಂದು ನೋಂದಾಯಿಸಬಹುದು. ಅರ್ಜಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು, ಜಿಲ್ಲಾ ಕೃಷಿ ಅಧಿಕಾರಿಗಳು ಅಥವಾ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ನಿರ್ದೇಶಕರ ದೃಢೀಕರಣ ಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಿರಿ.

4. ಬೀಜ ಕೊಡುವಾಗ ಚೀಟಿ ಬರೆಸಿಕೊಳ್ಳಿ. ಪಡೆದವರು ಯಾರೇ ಆಗಲಿ, ವಿಶ್ವವಿದ್ಯಾನಿಲಯದವರೇ ಆಗಲಿ, ಸಂಕೋಚ ಬೇಡ. ಚೀಟಿ ಹೀಗಿದ್ದರೆ ಸಾಕು:

ದಿನಾಂಕ:
ಬೆಳೆ ಮತ್ತು ಊರಿನವರು ಕರೆಯುವ ಹೆಸರು:
ಪ್ರಮಾಣ:
ಹೊಲವಿರುವ ಗ್ರಾಮ, ಹೋಬಳಿ, ತಾಲ್ಲೂಕು:
ಕೊಟ್ಟವರ ಹೆಸರು:
ಪಡೆದವರ ಹೆಸರು, ಸಂಸ್ಥೆ, ವಿಳಾಸ:
ಯಾವ ಉದ್ದೇಶಕ್ಕೆ:
"ಈ ಬೀಜದಿಂದ ಅಥವಾ ಇದರ ಅನುಕ್ರಮದಿಂದ ಮುಂದೆ ಪೇಟೆಂಟ್ ಇಲ್ಲವೆ ನೋಂದಣಿಗೆ ಅರ್ಜಿ ಹಾಕಿದರೆ ಮೇಲಿನ ಮೂಲವನ್ನು ಅದರಲ್ಲಿ ತಿಳಿಸುತ್ತೇವೆ."
ಇಬ್ಬರ ರುಜು:

ಎರಡು ಪ್ರತಿ ಮಾಡಿ, ಒಂದನ್ನು ನೀವು ಇಟ್ಟುಕೊಳ್ಳಿ.

5. ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತವೆ. ಭಾರತದ ಪೇಟೆಂಟ್ ಕಚೇರಿಯ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಕಾಲೇಜು ಓದುತ್ತಿರುವ ನಿಮ್ಮ ಮಕ್ಕಳಿಗೆ ವರ್ಷಕ್ಕೊಮ್ಮೆ ಬೆಳೆಯ ಹೆಸರು ಹಾಕಿ ನೋಡಲು ಹೇಳಿ. ಮಂಜೂರಾಗುವ ಮೊದಲು ಯಾವ ವ್ಯಕ್ತಿಯಾದರೂ ವಿರೋಧ ಸಲ್ಲಿಸಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ವಿರೋಧಕ್ಕೆ ನಿಗದಿತ ನಮೂನೆ ಇರುವುದರಿಂದ ತಿಳಿದವರ ನೆರವು ಪಡೆಯಿರಿ. ದಾಖಲೆ ಪುಸ್ತಕದ ಪ್ರತಿ ಮತ್ತು ಬೀಜದ ಚೀಟಿ ಆಗ ನಿಮ್ಮ ಸಾಕ್ಷಿಗಳು.

ಕೊನೆಯ ಮಾತು

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಅಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಕನ್ನಡ ಶಾಸನ ಒಂದು ದಾನವನ್ನು ಕುರಿತದ್ದು. ಯಾವ ಊರನ್ನು ಯಾರಿಗೆ ಕೊಟ್ಟರು ಎಂಬುದನ್ನು ಕಲ್ಲಿನ ಮೇಲೆ ಬರೆಸಿದರು. ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಬರೆಸಿದ್ದರಿಂದ ಸುಮಾರು ಒಂದೂವರೆ ಸಾವಿರ ವರ್ಷದ ಮೇಲೂ ಆ ಕೊಡುಗೆ ನಮಗೆ ಗೊತ್ತಿದೆ.

ನಿಮ್ಮ ಬೀಜದ ಒಳಗಿನ ಕೋಟಿ ಅಕ್ಷರಗಳನ್ನು ಓದಲು ಯಂತ್ರಗಳಿವೆ, ಅವನ್ನು ಬರೆದುಕೊಡಬೇಕೆಂಬ ನಿಯಮವೂ ಇದೆ. ಬೀಜ ಯಾವ ಊರಿನದು ಎಂಬ ಒಂದು ಸಾಲನ್ನು ಮಾತ್ರ ಯಾವ ಯಂತ್ರವೂ ಕಾಳಿನೊಳಗಿಂದ ಓದಲಾರದು. ಅದನ್ನು ನೀವೇ ಬರೆದಿಡಬೇಕು. ಮುಂದಿನ ಸುಗ್ಗಿಯಲ್ಲಿ ಬಿತ್ತನೆ ರಾಗಿಯನ್ನು ಆರಿಸಿ ಎತ್ತಿಡುವ ದಿನವೇ ಒಂದು ನೋಟುಪುಸ್ತಕ ತೆರೆದು ಈ ಕೆಲಸವನ್ನು ಆರಂಭಿಸಿರಿ.